ನಾಲ್ಕನೆಯ ಕಾಲು

ಮೊದಲು ಮಗುಚಿ ಹಾಕು ಕುರ್ಚಿಯನ್ನು, ಮೆನೇಜಸ್.
ಮುಖ ನೋಡಿ ಬೆಲೆ ಕಟ್ಟುವವರು ಮದುವೆ ದಲ್ಲಾಳಿಗಳು.
ನನಗೆ ಹೊಟ್ಟೆ ಬೇಕು, ಅಡಿ ಬೇಕು,
ಪಾಲಿಷ್ ಹಾಕಲು ಯಾರೋ ಬೇಜಾರುಪಟ್ಟು ಬಿಟ್ಟ ಜಾಗ ಬೇಕು.

ಬಲ್ಬು ಇತ್ತ ತಾ.
ಉಪ್ಪಳ್ಳಿ ರಸ್ತೆಯ ಈ ಶೆಡ್ಡಿನಲ್ಲಿ
ಮೂರು ಗಂಟೆಗೆಲ್ಲ ಕರೆಂಟು ಹೋಗುತ್ತದೆ,
ಆಮೇಲೆ ಬೆರಳೇ ಕಣ್ಣು.

ನೋಡು, ಮೊಳೆ ಇಲ್ಲ. ಒಂದೇ ಒಂದು ಇಲ್ಲ.
ಕೊಂಬಿಗೆ ಗೂಡು, ಗೂಡಿಗೆ ಕೊಂಬು,
ಮೂಲೆಯಲ್ಲಿ ಓರೆಗೆ ಓರೆ ಕೂಡಿದ ಗೆರೆ,
ಕೂದಲೂ ನುಸುಳದು.
ಬೆನ್ನಿನ ಹಲಗೆಗೆ ಅಂಟು ಹಾಕಿಲ್ಲ.
ಮಳೆಗಾಲಕ್ಕೆ ಉಬ್ಬಲಿ, ಬೇಸಗೆಗೆ ಕುಗ್ಗಲಿ ಎಂದು
ಸಂದಿನೊಳಗೆ ಸಡಿಲ ಬಿಟ್ಟಿದ್ದಾನೆ
ಆ ಚೀನಾದ ಬಡಗಿ, ಹೆಸರು ಯಾರಿಗೂ ಗೊತ್ತಿಲ್ಲದವನು.
ಮರವನ್ನು ಕಟ್ಟಿಹಾಕಿಲ್ಲ, ಕೂರಿಸಿದ್ದಾನೆ.

ಮುಂದಿನ ಅಡ್ಡಪಟ್ಟಿ ಮುಟ್ಟು.
ಸವೆದಿದೆಯಲ್ಲ, ಎರಡು ಪಾದ ಊರಿದ ಎರಡು ಹಳ್ಳ.
ಉಪ್ಪುಕಾಗದಕ್ಕೆ ಇದು ಬರುವುದಿಲ್ಲ.
ಸುಳ್ಳು ಮಾಡುವವನು ಎಲ್ಲ ಕಡೆ ಸಮ ಸವೆಸುತ್ತಾನೆ;
ಕೂತ ಮನುಷ್ಯ ಮಾತ್ರ
ಒಂದು ಕಾಲನ್ನು ಚೂರು ಹೆಚ್ಚು ಊರುತ್ತಾನೆ.

ಹ್ಞೂ. ಹಳೆಯದೇ. ನೂರೈವತ್ತೋ ಇನ್ನೂರೋ.
ಯಾವ ರಾಜನ ಆಳ್ವಿಕೆ ಎಂದು ಕೇಳಬೇಡ,
ಬರೆದುಕೊಡು, ಬರೆದುಕೊಡು ಎಂದು ಕುಣಿಯಬೇಡ.
ಗಿರಾಕಿ ಬರುವುದು ಭಾನುವಾರವಾದರೆ
ಭಾನುವಾರದವರೆಗೆ ಕಾಲ ಇದೆ.

ಕಾಲು.
ತಾಳು. ಈ ಹಿಂದಿನ ಎಡಗಾಲು.

ಬಣ್ಣ ಒಂದೇ. ಒಳಮಗ್ಗುಲಿಗೆ ಒದ್ದೆ ಬಟ್ಟೆ ಉಜ್ಜಿದೆ,
ಕಂದು ಬಂತು. ನಾಲಿಗೆಗೆ ಇಟ್ಟೆ.
ನಗಬೇಡ, ಕ್ಯೂರಿಂಗಿನಲ್ಲಿ ಹೀರಿ ಉಗಿದು
ಸಂಬಳ ತಗೊಳ್ಳುವವರು ನಮ್ಮೂರಲ್ಲಿ ಇಲ್ಲವೆ?
ಡಿಕಾಕ್ಷನ್ನು.
ಮೂರು ಸಲ ಕಾಸಿದ್ದು, ಚಿಕೋರಿ ಜಾಸ್ತಿ.

ಮಿಕ್ಕ ಮೂರು ಕಾಲಿನ ಮರದ ಹೆಸರು ನನಗೆ ತಿಳಿಯದು.
ಕೆರೆದರೆ ಸಿಹಿ ಗಂಧ, ಎಳೆಯಲ್ಲಿ
ಕಣ್ಣು ಬಿಟ್ಟ ದೆವ್ವದಂಥ ಗಂಟು.
ಇದು ಹೊನ್ನೆ. ನಮ್ಮ ಹೊನ್ನೆ.
ಗೊರಸು ನೋಡು. ಆ ಮೂರರಲ್ಲಿ ಒಳಕ್ಕೆ ಬಾಗಿದ್ದು
ಯಾವ ಕುದುರೆಯದೂ ಅಲ್ಲ, ಬರೀ ಕುದುರೆಯ ನೆನಪು.
ಇದರಲ್ಲಿ ಲಾಳದ ಗೆರೆಯೂ ಇದೆ, ಹಿಮ್ಮಡಿ ಸವೆದಿದೆ.
ಇದು ಬಾಬಾಜಾನನ ಜಟಕಾ ಕುದುರೆ, ಮೆನೇಜಸ್,
ರಾಣಿ, ಕುಂಟುತ್ತಿದ್ದಳು.

ಎಂಬತ್ತೊಂದನೇ ಇಸವಿ. ನನಗೆ ಹತ್ತೊಂಬತ್ತು.
ಪೀರಾನ್ ಸಾಬರು ಗೋಣಿಚೀಲದಿಂದ
ಮುರಿದ ಕಾಲಿನ ಮೇಲರ್ಧ ಸುರಿದರು.
ಕ್ಲಬ್ಬಿನದು, ದೊರೆಗಳ ಕಾಲದ್ದು; ಕೆಳಗಿನರ್ಧವನ್ನು
ಬಟ್ಲರು ಒಲೆಗೆ ಹಾಕಿದ್ದನಂತೆ.
"ಕೆಳಗೆ ಗೊರಸಂತೆ, ಕೆತ್ತು" ಅಂದರು.
ಕುರ್ಚಿಯನ್ನು ನಾನು ನೋಡಲೇ ಇಲ್ಲ.
ಜಟಕಾ ಸ್ಟ್ಯಾಂಡಿನಲ್ಲಿ ಎರಡು ಮಧ್ಯಾಹ್ನ
ಕುಕ್ಕರುಗಾಲಲ್ಲಿ ಕೂತು ರಾಣಿಯ ಪಾದ ನೋಡಿದೆ,
ಅವಳು ಬಾಲದಲ್ಲಿ ನನ್ನ ಮುಖಕ್ಕೆ ಹೊಡೆದಳು.
ಅಮ್ಮನ ಫಿಲ್ಟರಿನಿಂದ ಕದ್ದು ಬಳಿದೆ.
ಸಾಬರು ಬಾಗಿಲ ಬೆಳಕಿಗೆ ಹಿಡಿದು
"ಹಳೇದಾಯ್ತು" ಅಂದರು.
ಆ ವಾರ ಐದು ರೂಪಾಯಿ ಹೆಚ್ಚು.

ತೆಗೆದು ಬೇರೆ ಮಾಡು ಅನ್ನುತ್ತೀಯ. ಮಾಡಬಹುದು.
ಈಗ ಕೈ ಪಳಗಿದೆ,
ಈಗ ನಿಜಕ್ಕೂ ಮೋಸ ಮಾಡಬಲ್ಲೆ.

ಬೇಡ. ಅಲುಗಾಡುವ ಕೂಡಿಗೆ ಬಿಸಿ ಸರೇಸು ಬಿಡುತ್ತೇನೆ,
ನಾಳೆ ಬಿಚ್ಚುವವನಿಗೆ ಬಿಚ್ಚಲು ಬರುವಂತೆ.
ಕೂರುವ ಬೆತ್ತ ಜುಲೇಖಾಬಿ ಹೆಣೆಯುತ್ತಾಳೆ.
ಮೇಣ ಒಂದೇ ಕೈ, ಮಿಂಚಿಸುವುದಿಲ್ಲ.

ಕಾಗದ ಕೊಡು:
ಕುರ್ಚಿ ಒಂದು. ಚೀನಾ ಕೆಲಸ. ಹಳೆಯದು.
ಮೂರು ಕಾಲು ಅವನವು.
ಹಿಂದಿನ ಎಡಗಾಲು ಹೊನ್ನೆ, ಚಿಕ್ಕಮಗಳೂರು,
ಕೆತ್ತಿದವನು ಮೌನೇಶಾಚಾರಿ.

ಬೆಲೆ ಇಳಿದರೆ ಇಳಿಯಲಿ.
ರಾಣಿಯ ಹೆಸರು ಬರೆಯಲೋ ಬೇಡವೋ,
ಅದೊಂದು ನೀನೇ ಹೇಳು.